ಓಟಗಾರನ ದಮ್ಮು

ಓಟದ ತಾಲೀಮು ಹದಕ್ಕೆ ಬಂದ ಹೊತ್ತಿಗೇ ದಮ್ಮು ಕೆರಳುವುದು ಓಟಗಾರರ ಹಳೆಯ ಕಿರಿಕಿರಿ. ಕಾಲು ಹೇಳಿದ ಮಾತು ಕೇಳುತ್ತಿರುತ್ತವೆ, ಮೀನಖಂಡದ ನೋವು ಇಳಿದಿರುತ್ತದೆ, 1,600 ಮೀಟರಿನ ಸಮಯ ವಾರದಿಂದ ವಾರಕ್ಕೆ ಒಂದೆರಡು ಸೆಕೆಂಡು ಕರಗುತ್ತಿರುತ್ತದೆ. ಅಷ್ಟರಲ್ಲಿ ಒಂದು ನೆಗಡಿ. ಅದರ ಬೆನ್ನಿಗೆ ರಾತ್ರಿಯ ಕೆಮ್ಮು. ಅದರ ಬೆನ್ನಿಗೆ ಎದೆಯೊಳಗೊಂದು ಸಣ್ಣ ಸಿಳ್ಳು. ಕಾಲು ಮುರಿದರೆ ಊರಿಗೆಲ್ಲ ಕಾಣುತ್ತದೆ, ಪಟ್ಟಿ ಕಟ್ಟಿಕೊಂಡವನಿಗೆ ಒಂದು ಮರ್ಯಾದೆಯೂ ಉಂಟು. ದಮ್ಮು ಕಾಣುವುದಿಲ್ಲ. ಹಗಲು ಹನ್ನೊಂದಕ್ಕೆ ಚಹಾದ ಅಂಗಡಿಯ ಮುಂದೆ ನಗುತ್ತ ನಿಂತವನು ನಸುಕಿನಲ್ಲಿ ಗೋಡೆ ಹಿಡಿದು ಕೂತಿದ್ದನೆಂದರೆ ಯಾರೂ ನಂಬುವುದಿಲ್ಲ. ಅಷ್ಟು ಹೊತ್ತಿಗೆ ಅವನಿಗೇ ಪೂರಾ ನಂಬಿಕೆ ಉಳಿದಿರುವುದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಓಡುವವರದು ಎರಡು ಪಂಗಡ. ದೊಡ್ಡದು ಭರ್ತಿಯ ಹುಡುಗರದು. ಸೇನೆ, ಇಲ್ಲವಾದರೆ ಪೊಲೀಸು. ಅಗ್ನಿವೀರರ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ರಾಜ್ಯದ ಪೊಲೀಸ್ ಪೇದೆಯಾಗಲು ಗಂಡುಹುಡುಗರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. (ಇಂಥ ವಿಷಯಗಳ ಮೇಲೆ ಬರೆಯುವವರಿಗೆ ಆ 1,600 ಮೀಟರಿಗೆ ಹನ್ನೆರಡು ನಿಮಿಷ ಹಾಗೂ ನಡುವೆ ಒಂದು ಕಟ್ಟೆ ಬೇಕಾಗುತ್ತದೆ ಎಂಬುದು ಬೇರೆ ಮಾತು.) ಸಿಪಾಯಿಗಿರಿ ಈ ನೆಲಕ್ಕೆ ಹೊಸದಲ್ಲ. ವೀರ ರಾಯಣ್ಣನ ಸಂಗೊಳ್ಳಿ ಬೈಲಹೊಂಗಲ ತಾಲ್ಲೂಕಿನ ಊರು. 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ರಾಣಿ ಚನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆ ನಡೆದಿದೆ. ಇಂಥ ಕಡೆ ಓಡುತ್ತ ಓಡುತ್ತ ಎದೆ ಹಿಡಿದು ನಿಂತವನಿಗೆ ರಾಯಣ್ಣನ ಹೆಸರು ಹೇಳಿ ಛೀಮಾರಿ ಹಾಕುವವರು ಕಟ್ಟೆಗೊಬ್ಬರಾದರೂ ಸಿಗುತ್ತಾರೆ. ರಾಯಣ್ಣನಿಗೆ ದಮ್ಮಿತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಇನ್ನೂ ಎತ್ತಿಲ್ಲ. ಎರಡನೆಯ ಪಂಗಡ ನಲವತ್ತು ದಾಟಿದವರದು. ಸಕ್ಕರೆ ಕಾಯಿಲೆ ಬಂದಮೇಲೆ ಡಾಕ್ಟರು ಹೇಳಿದರೆಂದು ಹೊಸ ಬೂಟು ಕೊಂಡವರು. ದಮ್ಮು ಎರಡೂ ಪಂಗಡವನ್ನು ಸಮನಾಗಿ ಕಾಣುತ್ತದೆ.

ಅದಕ್ಕೆ ಇಲ್ಲಿ ಒಂದು ಪಂಚಾಂಗವೂ ಉಂಟು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ, ಮುನವಳ್ಳಿಗಳನ್ನು ಹಾಯ್ದು, ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ರಾಮದುರ್ಗದತ್ತ ಇಳಿಯುವಷ್ಟರಲ್ಲಿ ಹವೆಯೇ ಬೇರೆಯಾಗಿರುತ್ತದೆ. ಕಿತ್ತೂರಿನ ಕಡೆ ಅರೆ ಮಲೆನಾಡು: ಆಷಾಢ ಶ್ರಾವಣದ ಜಿಟಿಜಿಟಿ ಮಳೆ, ಒಣಗದ ಗೋಡೆ, ಗೋಡೆಯ ಮೇಲೆ ಬೂಷ್ಟು. ರಾಮದುರ್ಗದ ಕಡೆ ಬಯಲು, ಬಿಸಿಲು, ದೂಳು. ಬೂಷ್ಟಿಗೆ ಕೆರಳುವ ಎದೆಯವನು ಮಳೆಗಾಲಕ್ಕೆ ರಾಮದುರ್ಗದ ಸೋದರತ್ತೆಯ ಮನೆ ಸೇರಿದರೆ ಗುಣ ಕಾಣಬಹುದು; ದೂಳಿಗೆ ಕೆರಳುವವನು ಬಿಸಿಲುಗಾಲಕ್ಕೆ ಅದೇ ಬಸ್ಸಿನಲ್ಲಿ ಎದುರು ದಿಕ್ಕಿಗೆ ಬರಬೇಕು. ಎರಡಕ್ಕೂ ಕೆರಳುವವರಿದ್ದಾರೆ. ಅವರು ಬಸ್ಸಿನಲ್ಲೇ ಇರಬೇಕಾಗುತ್ತದೆ.

ಮಳೆ ನಿಂತ ಬೆನ್ನಿಗೆ ರಸ್ತೆಯ ಎರಡೂ ಮಗ್ಗುಲಿಗೆ ಕಾಂಗ್ರೆಸ್ ಕಸ ಬಿಳಿ ಹೂ ಬಿಟ್ಟು ನಿಲ್ಲುತ್ತದೆ. 1950ರ ದಶಕದಲ್ಲಿ ಪುಣೆಯ ಸುತ್ತ ಕಣ್ಣಿಗೆ ಬಿದ್ದ ಈ ಹೊರನಾಡಿನ ಗಿಡ ಎರೆಹೊಲದ ಬದುವನ್ನೂ ಶಾಲೆಯ ಮೈದಾನವನ್ನೂ ಬಿಟ್ಟಿಲ್ಲ. ಇದರ ಪರಾಗ ಚರ್ಮಕ್ಕೂ ಆಗದು, ಮೂಗಿಗೂ ಆಗದು. ದೀಪಾವಳಿಯ ಆಸುಪಾಸಿಗೆ ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತವೆ, ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಬೀಳುತ್ತದೆ, ಕಪ್ಪು ಕರಿ ಒಣಹಾಕಿದ ಅರಿವೆಯ ಮೇಲೆ ಬಂದು ಕೂಡುತ್ತದೆ. ಆಮೇಲೆ ಬೈಲಹೊಂಗಲದ ಪೇಟೆಗೆ ಹತ್ತಿ ಬರುವ ಕಾಲ, ಅದರ ಹಿಂದೆ ಜೋಳದ ರಾಶಿಯ ಕಾಲ. ಮಷಿನ್ನಿನ ಬಾಯಿಂದ ಹಾರುವ ಜೋಳದ ಹೊಟ್ಟು ಕತ್ತಿನ ಬೆವರಿಗೆ ಅಂಟಿದಾಗ ತುರಿಸುವ ಪರಿಯನ್ನು ಬಲ್ಲವರಿಗೆ, ಅದು ಶ್ವಾಸನಾಳದೊಳಗೆ ಹೋದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಈ ನಡುವೆಯೇ ಬನದ ಹುಣ್ಣಿಮೆ, ಭರತ ಹುಣ್ಣಿಮೆ. ಏರು ಓಡುವ ತಾಲೀಮಿಗೆ ಯಲ್ಲಮ್ಮನ ಗುಡ್ಡಕ್ಕಿಂತ ಒಳ್ಳೆಯ ದಾರಿ ಈ ಸೀಮೆಯಲ್ಲಿಲ್ಲ. ಆದರೆ ಆ ದಿನಗಳಲ್ಲಿ ಚಕ್ಕಡಿಯ ದೂಳು ಕೆಳಗಿನಿಂದ, ಭಂಡಾರ ಮೇಲಿನಿಂದ. ದಮ್ಮಿದ್ದವನು ದೇವಿಗೆ ಮನೆಯಿಂದಲೇ ಕೈಮುಗಿದು ಹುಣ್ಣಿಮೆ ಕಳೆದ ಮೇಲೆ ಹೋಗುವುದೇ ಸರಿ.

ಇವೆಲ್ಲಕ್ಕಿಂತ ಓಟಗಾರನಿಗೆ ಹತ್ತಿರದ್ದು ಬಚ್ಚಲ ಒಲೆಯ ಹೊಗೆ. ಮಾರ್ಗಶಿರದ ಥಂಡಿಯಲ್ಲಿ ಬೆಳಗಿನ ಐದೂವರೆಗೆ ಬೈಲಹೊಂಗಲದಿಂದ ಸವದತ್ತಿಯ ಕಡೆ ಓಡುವವನಿಗೆ, ಮುಂದಿನ ಹಳ್ಳಿ ಕಣ್ಣಿಗೆ ಬೀಳುವ ಮೊದಲೇ ಮೂಗು ಸುದ್ದಿ ಮುಟ್ಟಿಸುತ್ತದೆ. ಮನೆಮನೆಯ ಬಚ್ಚಲಲ್ಲಿ ಹಂಡೆಯ ಕೆಳಗೆ ಹತ್ತಿಕಟ್ಟಿಗೆ. ಇಬ್ಬನಿಗೆ ತೊಯ್ದ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ನೆಲದ ಮಗ್ಗುಲಿನ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುವ ಹೊತ್ತು ಅದು. ಹೊಗೆ ಮೇಲೇರದೆ ರಸ್ತೆಗೆ ಅಡ್ಡಲಾಗಿ, ಸರಿಯಾಗಿ ಆಳೆತ್ತರಕ್ಕೆ, ಬಿಳಿಯ ಪದರಾಗಿ ನಿಂತಿರುತ್ತದೆ. ಬಗ್ಗಿ ಓಡಿದರೆ ತಪ್ಪಿಸಿಕೊಳ್ಳಬಹುದು. ಬಗ್ಗಿ ಓಡುವವನನ್ನು ಹಳ್ಳಿಯ ನಾಯಿಗಳು ಬಿಡುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಸೇದುತ್ತಾನೆ. ಜೋರಾಗಿ ಓಡುವವನಿಗೆ ನೂರು ಲೀಟರೂ ಸಾಲದು. ಅಷ್ಟನ್ನು ಬೆಚ್ಚಗೆ ಮಾಡಿ, ಒದ್ದೆ ಮಾಡಿ, ಸೋಸಿ ಒಳಬಿಡುವ ಕೆಲಸ ಮೂಗಿನ ಕೈಲಾಗುವುದಿಲ್ಲ, ಬಾಯಿ ತೆರೆಯುತ್ತದೆ. ಥಂಡಿಯ ಒಣಗಾಳಿ ಶ್ವಾಸನಾಳದ ಒಳಪದರಿನ ತೇವವನ್ನು ಹೀರುತ್ತದೆ. ತೇವ ಆರಿದ ಪದರಿನ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರಯೀನ್ ಮುಂತಾದವನ್ನು ಹೊರಗೆ ಚೆಲ್ಲುತ್ತವೆ. ನಾಳದ ಸುತ್ತಲ ಸ್ನಾಯು ಬಿಗಿಯುತ್ತದೆ. ವಿಚಿತ್ರವೆಂದರೆ ಇದು ಓಡುವಾಗಲ್ಲ, ಬಹಳ ಮಾಡಿ ಓಡಿ ನಿಂತ ಐದರಿಂದ ಹದಿನೈದು ನಿಮಿಷದೊಳಗೆ ಜೋರಾಗುತ್ತದೆ. ಗೆರೆ ದಾಟಿ, ಕೈ ಕುಲುಕಿ, ಸಮಯ ಕೇಳಿ ತಿಳಿದುಕೊಂಡು, ಆಮೇಲೆ ಮೂಲೆಗೆ ಹೋಗಿ ಕೆಮ್ಮುವವರು ಮೈದಾನದಲ್ಲಿ ಬಹಳ. ಅಷ್ಟೇ ಆದರೆ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಕೆರಳಿದ ದಮ್ಮು ಬೇರೆ. ನೆಗಡಿಯ ವೈರಸ್ಸೋ ಪರಾಗವೋ ಹೊಗೆಯೋ ತಾಗಿ ಒಳಪದರೇ ಬಾತುಕೊಂಡಿರುತ್ತದೆ, ಕಫ ಕಟ್ಟಿರುತ್ತದೆ. ಅದು ದಿನಗಟ್ಟಲೆ ಇರುತ್ತದೆ. ಉಸಿರು ಒಳಗೆ ಹೋಗುವುದು ಹೇಗೋ ಹೋಗುತ್ತದೆ, ಹೊರಗೆ ಬರುವುದೇ ಕಷ್ಟ: ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರು ಇಕ್ಕಟ್ಟಿನ ಓಣಿಗೆ ಹೊಕ್ಕಂತೆ. ಮುಂದಕ್ಕೆ ಹೊಕ್ಕಿರುತ್ತದೆ, ಹಿಂದಕ್ಕೆ ಬರಲೊಲ್ಲದು, ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಂದು ನಿಲ್ಲುತ್ತದೆ. ಎದೆ ಉಬ್ಬಿಕೊಂಡು ಕೂತವನ ಪುಪ್ಪುಸದಲ್ಲಿ ಗಾಳಿ ಕಡಿಮೆ ಇರುವುದಲ್ಲ, ಹಳೆಯ ಗಾಳಿ ಜಾಗ ಬಿಟ್ಟಿರುವುದಿಲ್ಲ.

ಈ ಹಂತದಲ್ಲಿ ಸಲಹೆಗಾರರು ಬರುತ್ತಾರೆ. ಗೆಳೆಯನದು ಒಂದೇ ಮಾತು: “ಓಡ್ಕೋತ ಓಡ್ಕೋತ ತಾನ ಬಿಡತೈತಿ, ನಡಿಯಲೇ.” ಅಜ್ಜಿಯದು ಇನ್ನೊಂದು: “ಈ ಥಂಡ್ಯಾಗ ಓಡಾಕ ಯಾಕ ಹೋಗ್ತೀಯೋ ಯಪ್ಪಾ, ಬಿಸಲರ ಬೀಳ್ಲಿ.” ಗೆಳೆಯನ ಮಾತಿನಲ್ಲೂ ಹುರುಳಿಲ್ಲದಿಲ್ಲ. ಓಟದಿಂದ ಬಿಗಿದ ನಾಳ ಒಮ್ಮೆ ಸಡಿಲಿದ ಮೇಲೆ ಒಂದೆರಡು ಗಂಟೆ ಮತ್ತೆ ಅಷ್ಟಾಗಿ ಬಿಗಿಯದಿರುವುದು ಅರ್ಧದಷ್ಟು ಜನರಲ್ಲಿ ಕಂಡುಬಂದಿದೆ. ಓಟಕ್ಕೆ ಮುಂಚೆ ಬಿಟ್ಟುಬಿಟ್ಟು ಚಿಕ್ಕ ಚಿಕ್ಕ ಜೋರು ಓಟ ಓಡಿ ಮೈ ಬಿಸಿ ಮಾಡಿಕೊಳ್ಳಿರೆಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ಆದರೆ ಬಾತ ನಾಳಕ್ಕೆ ಈ ಲೆಕ್ಕ ನಡೆಯದು; ದಮ್ಮು ಕೆರಳಿದಾಗ ಓಡಿ ಅದನ್ನು ಬಿಡಿಸುತ್ತೇನೆಂದು ಹೊರಟವನು ತಾಲ್ಲೂಕು ಆಸ್ಪತ್ರೆಯ ಕಡೆಗೇ ಓಡಿದಂತೆ. ಅಜ್ಜಿಯ ಮಾತಾದರೆ ಪುಸ್ತಕಕ್ಕೆ ಪೂರ್ತಿ ಹೊಂದುತ್ತದೆ. ಬಿಸಿಲೇರಿದರೆ ಗಾಳಿ ಬೆಚ್ಚಗಾಗುತ್ತದೆ, ಹೊಗೆಯ ಪದರು ಒಡೆಯುತ್ತದೆ. ಅದನ್ನು ಅಜ್ಜಿ ಹೇಳಿದ್ದರಿಂದಲೇ ಯಾರೂ ಕೇಳುವುದಿಲ್ಲ. ಮುಂದುವರಿದು ಆಕೆ ಬಾಳೆಹಣ್ಣು, ಮೊಸರು, ಪೇರಲಕಾಯಿಗಳನ್ನೂ ನಿಷೇಧಿಸುವುದರಿಂದ ಒಳ್ಳೆಯ ಮಾತು ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಮನೆಮದ್ದನ್ನು ಒಟ್ಟಿಗೇ ತಳ್ಳಿಹಾಕಲೂ ಬರುವುದಿಲ್ಲ. ಬೇಲಿಸಾಲಿನ ಆಡುಸೋಗೆಯ ವಾಸಿಸಿನ್ ಎಂಬ ಅಂಶದಿಂದಲೇ ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಹುಟ್ಟಿತು. ಕೆಮ್ಮಿನ ಔಷಧದ ಬಾಟಲಿಯ ಮೇಲೆ ಆ ಹೆಸರು ಈಗಲೂ ಕಾಣುತ್ತದೆ. ಮದಗುಣಕಿಯ ಕತೆ ಇನ್ನೂ ಸ್ವಾರಸ್ಯದ್ದು. ಅದರ ಒಣಗಿದ ಭಾಗಗಳ ಹೊಗೆ ಸೇದಿ ದಮ್ಮು ಇಳಿಸಿಕೊಳ್ಳುವ ಪದ್ಧತಿಯನ್ನು ಮದರಾಸಿನಲ್ಲಿ ಕಂಡ ಬ್ರಿಟಿಷರು 1802ರ ಸುಮಾರಿಗೆ ತಮ್ಮ ದೇಶಕ್ಕೆ ಒಯ್ದರು. ದಮ್ಮಿನವರಿಗೆಂದೇ ಸಿಗರೇಟುಗಳು ಯುರೋಪಿನ ಔಷಧದ ಅಂಗಡಿಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ಮಾರಾಟವಾದವು. ಮದಗುಣಕಿ ನಾಳವನ್ನು ಸಡಿಲಿಸುವುದು ನಿಜ. ತಲೆಯನ್ನೂ ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ ಎಂಬುದೂ ಅಷ್ಟೇ ನಿಜ. ಇಂದು ಆಸ್ಪತ್ರೆಯ ನೆಬುಲೈಸರಿಗೆ ಹಾಕುವ ಇಪ್ರಾಟ್ರೋಪಿಯಂ ಆ ಕುಲದ ರಾಸಾಯನಿಕವನ್ನೇ ಪಳಗಿಸಿ ಮಾಡಿದ್ದು. ಇನ್ನು ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಬಾಯಲ್ಲಿ ಔಷಧವಿಟ್ಟು ನುಂಗಿ ಬಂದವರು ಈ ಸೀಮೆಯಲ್ಲೂ ಸಿಗುತ್ತಾರೆ. ಶಾಕಾಹಾರಿಗಳಿಗೆ ಅಲ್ಲಿ ಬೆಲ್ಲದಲ್ಲಿ ಕೊಡುತ್ತಾರೆ. ಮೀನು ನುಂಗಿದ ಅನುಭವವನ್ನು ಅವರು ಎಷ್ಟು ಹುರುಪಿನಿಂದ ಹೇಳುತ್ತಾರೆಂದರೆ, ದಮ್ಮು ಹೋಯಿತೋ ಇಲ್ಲವೋ ಎಂದು ಕೇಳಲು ಕೇಳುಗನಿಗೆ ಮರೆತೇಹೋಗುತ್ತದೆ.

ಕೆಲಸಕ್ಕೆ ಬರುವುದು ಪಂಪು, ಎಂದರೆ ಇನ್ಹೇಲರು. ಅದರ ಮೇಲಿನ ಅಪವಾದವೂ ದೊಡ್ಡದು: “ಒಮ್ಮೆ ಪಂಪ್ ಹಿಡದ್ರ ಚಟಾ ಆಗತೈತಿ.” ಗುಟಕಾ ಚೀಟಿ ಹರಿಯುತ್ತಲೇ ಈ ಎಚ್ಚರಿಕೆ ಕೊಡುವವರಿದ್ದಾರೆ. ಪಂಪು ಹುಟ್ಟಿದ್ದು ಒಬ್ಬ ಹುಡುಗಿಯ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ನನ ಹದಿಮೂರು ವರ್ಷದ ಮಗಳು, ಕೂದಲಿಗೆ ಹೊಡೆಯುವ ಸ್ಪ್ರೇಯ ಹಾಗೆ ದಮ್ಮಿನ ಔಷಧವನ್ನೇಕೆ ಡಬ್ಬಿಯಲ್ಲಿ ತುಂಬಬಾರದೆಂದು ಅಪ್ಪನನ್ನು ಕೇಳಿದಳು. ಮರುವರ್ಷವೇ ಡಬ್ಬಿ ಪೇಟೆಗೆ ಬಂತು. ಅದರಲ್ಲಿ ಈಗ ಎಲ್ಲರೂ ಬಲ್ಲ ಸಾಲ್ಬುಟಮಾಲ್ ಸೇರಿದ್ದು 1969ರಲ್ಲಿ. ಇದು ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಬಾವನ್ನು ಮುಟ್ಟುವುದಿಲ್ಲ. ಬಾವು ಇಳಿಸುವುದು ಬುಡೆಸೊನೈಡಿನಂಥ ಸ್ಟೆರಾಯ್ಡ್ ಪಂಪು. ಅದು ದಿನಗಟ್ಟಲೆ ನಿಧಾನಕ್ಕೆ ಕೆಲಸ ಮಾಡುವುದರಿಂದ ಅದರಿಂದ ಏನೂ ಆಗಲಿಲ್ಲವೆಂದು ಮೂರನೆಯ ದಿನ ಗೂಡಿನಲ್ಲಿ ಇಟ್ಟುಬಿಡುವವರೇ ಬಹಳ. ಬರೇ ಸಾಲ್ಬುಟಮಾಲನ್ನೇ ನೆಚ್ಚಿ ಕೂಡಬಾರದು, ಸ್ಟೆರಾಯ್ಡ್ ಜೊತೆಗಿರಲೇಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಖಡಾಖಂಡಿತವಾಗಿ ಹೇಳುತ್ತಿದೆ.

ಪಂಪು ಒತ್ತುವುದಕ್ಕೂ ಒಂದು ತಾಲೀಮು ಬೇಕು. ಅಲ್ಲಾಡಿಸಬೇಕು, ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ಸಾವಕಾಶ ಒಳಗೆಳೆಯುತ್ತ ಒತ್ತಬೇಕು, ಹತ್ತು ಎಣಿಸುವ ತನಕ ಹಿಡಿಯಬೇಕು. ಒತ್ತುವುದೂ ಎಳೆಯುವುದೂ ಕೂಡಿಬರದವನ ಔಷಧವೆಲ್ಲ ಗಂಟಲಿಗೆ ಬಡಿದು ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಸ್ಪೇಸರ್ ಎಂಬ ಕೊಳವೆ ಉಂಟು. ಅದು ಇಲ್ಲದ ಕಡೆ 500 ಮಿಲಿಲೀಟರಿನ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿಯಷ್ಟೇ ತೂತು ಕೊರೆದು ಕೂಡಿಸಿದರೂ ಕೆಲಸ ನಡೆಯುತ್ತದೆಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ತೋರಿಸಿಕೊಟ್ಟರು. ಸ್ಟೆರಾಯ್ಡ್ ಪಂಪಿನ ಮೇಲೆ ಬಾಯಿ ಮುಕ್ಕಳಿಸಬೇಕು. ಮಾತಿನ ನಡುನಡುವೆ ಉಸಿರಿಗೆ ನಿಲ್ಲಬೇಕಾಗಿ ಬಂದರೆ, ತುಟಿ ನೀಲಿಯಾದರೆ, ಪಂಪಿನ ಗುಣ ಮೂರ್ನಾಲ್ಕು ಗಂಟೆ ನಿಲ್ಲದಿದ್ದರೆ ಮನೆಯಲ್ಲಿ ಕೂಡುವ ಕೆಲಸವಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬುಲೈಸರು, ಐದಾರು ದಿನದ ಸ್ಟೆರಾಯ್ಡ್ ಗುಳಿಗೆ. ಸ್ಟೆರಾಯ್ಡ್ ಎಂದ ಕೂಡಲೆ ಜಿಮ್ಮಿನ ಹುಡುಗರ ಕಿವಿ ನಿಮಿರುತ್ತದೆ. ಇದು ಆ ಜಾತಿಯದಲ್ಲ. ಇದರಿಂದ ತೋಳು ದಪ್ಪವಾಗದು, ಹಸಿವು ಮಾತ್ರ ಎರಡು ರೊಟ್ಟಿಯಷ್ಟು ಹೆಚ್ಚುತ್ತದೆ.

ಆಮೇಲೆ ಉಳಿಯುವುದು ಓಡದ ದಿನಗಳು. ದಮ್ಮಿನ ಚಿಕಿತ್ಸೆಯಲ್ಲಿ ಇದಕ್ಕಿಂತ ಕಷ್ಟದ ಭಾಗವಿಲ್ಲ. ಜೊತೆಯ ಹುಡುಗರು ಸುಮ್ಮನೆ ಕೂಡಲು ಬಿಡುವುದಿಲ್ಲ, ಸಮಯ ಹಿಡಿಯುವ ಕೆಲಸ ಒಪ್ಪಿಸುತ್ತಾರೆ. ಕಿವಿಗೆ ಮಫ್ಲರು ಸುತ್ತಿಕೊಂಡು ಮೈದಾನದ ಕಲ್ಲಿನ ಮೇಲೆ ಮೊಬೈಲು ಹಿಡಿದು ಕೂತವನು ಎರಡೇ ದಿನದಲ್ಲಿ ದೊಡ್ಡ ಕೋಚ್ ಆಗುತ್ತಾನೆ. ನಿನ್ನೆ ತನಕ ಕೊನೆಯ ಸುತ್ತಿನಲ್ಲಿ ಒಳಗಿನಿಂದ ಹಾಯುತ್ತಿದ್ದವನೇ ಇಂದು ಬೇರೆಯವರ ಕಾಲು ಸುಣ್ಣದ ಗೆರೆ ತುಳಿದದ್ದನ್ನು ಎಣಿಸುತ್ತಾನೆ. ಮನಸ್ಸಿನೊಳಗೆ ಮಾತ್ರ ಬೇರೆ ಲೆಕ್ಕ ನಡೆದಿರುತ್ತದೆ: ಇಷ್ಟು ದಿನ ಗಳಿಸಿದ್ದೆಲ್ಲ ಹೋಯಿತೇ? ಅಷ್ಟೇನೂ ಹೋಗುವುದಿಲ್ಲ. ತಾಲೀಮನ್ನು ಪೂರ್ತಿ ಬಿಟ್ಟ ಕ್ರೀಡಾಪಟುಗಳ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಮೂರು ವಾರದಲ್ಲಿ ನೂರಕ್ಕೆ ಏಳರಷ್ಟು ಇಳಿದದ್ದನ್ನು 1984ರ ಒಂದು ಅಧ್ಯಯನ ಕಂಡಿದೆ. ಅದರಲ್ಲಿ ಬಹುಪಾಲು ರಕ್ತದ ನೀರಿನಂಶ ಇಳಿದದ್ದರಿಂದ ಆದದ್ದು, ಅದು ಬೇಗ ತುಂಬಿಕೊಳ್ಳುತ್ತದೆ. ಒಂದು ವಾರ ಕೂತದ್ದಕ್ಕೆ ಅಳುವುದು ಬೇಕಿಲ್ಲ.

ಭರ್ತಿಯ ಹುಡುಗನ ತೊಡಕು ಸಮಯದ್ದಲ್ಲ. ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ ಆಸ್ತಮಾ ಇದ್ದವನು ಅನರ್ಹ. ಆದ್ದರಿಂದ ಪಂಪು ಟ್ರಂಕಿನ ತಳದಲ್ಲಿರುತ್ತದೆ, ಕೆಮ್ಮಿಗೆ ನೆಗಡಿಯ ಹೆಸರಿರುತ್ತದೆ, ತೋರಿಸಿಕೊಳ್ಳಬೇಕಾದ ದಮ್ಮು ವರ್ಷಗಟ್ಟಲೆ ಔಷಧವಿಲ್ಲದೆ ಬಲಿಯುತ್ತದೆ. ಈ ನಿಯಮದ ಹಿಂದೆ ಕಾರಣವಿಲ್ಲದಿಲ್ಲ. ಹಿಮದ ಗಡಿಯಲ್ಲಿ, ದೂಳಿನ ಗಡಿಯಲ್ಲಿ ಪಂಪು ಮುಗಿದರೆ ಅಂಗಡಿ ಇರುವುದಿಲ್ಲ. ಆದರೂ ಮುಚ್ಚಿಡುವವನನ್ನು ಬರೀ ಸುಳ್ಳನೆಂದು ಬಯ್ಯುವುದು ಸರಿಯಲ್ಲ. ಎರಡೆಕರೆ ಒಣಬೇಸಾಯದ ಮನೆಯ ಲೆಕ್ಕವೆಲ್ಲ ಅವನ ಐದೂವರೆ ನಿಮಿಷದ ಮೇಲೆ ನಿಂತಿರುತ್ತದೆ. ಒಮ್ಮೆ ಸರಿಯಾದ ವೈದ್ಯರಿಗೆ ತೋರಿಸಿ, ಊದಿಸಿ ನೋಡುವ ಸ್ಪೈರೋಮೆಟ್ರಿ ಮಾಡಿಸಿಕೊಂಡರೆ ಅದು ಆಸ್ತಮಾವೇ ಅಲ್ಲದಿರಲೂಬಹುದು. ಗಂಟಲಿನ ಧ್ವನಿಪೆಟ್ಟಿಗೆ ಓಡುವಾಗ ಬಿಗಿದು ಸಿಳ್ಳು ಹಾಕುವುದೂ ಉಂಟು. ಮುಚ್ಚಿಟ್ಟವನಿಗೆ ಈ ಸುದ್ದಿ ಎಂದೂ ಮುಟ್ಟುವುದಿಲ್ಲ.

ಮರಳಿ ಓಡಲು ಯಾವಾಗ ಹೊರಡಬೇಕೆಂಬುದನ್ನು ಹಗಲಿಗಿಂತ ರಾತ್ರಿ ಸರಿಯಾಗಿ ಹೇಳುತ್ತದೆ. ಕೆಮ್ಮಿಗೆ ಎಚ್ಚರವಾಗದೆ ಸಾಲಾಗಿ ಕೆಲವು ರಾತ್ರಿ ಕಳೆಯಬೇಕು. ಊದುವ ಮೀಟರು ಇದ್ದವರು ತಮ್ಮದೇ ಒಳ್ಳೆಯ ದಿನದ ಅಂಕೆಯ ನೂರಕ್ಕೆ ಎಂಬತ್ತರ ಮೇಲೆ ನಿಂತದ್ದನ್ನು ನೋಡಿಕೊಳ್ಳಬೇಕು. ಸಿಳ್ಳು ನಿಂತ ಮೇಲೂ ನಾಳ ವಾರಗಟ್ಟಲೆ ಮುನಿಸಿಕೊಂಡೇ ಇರುತ್ತದೆ. ಆದ್ದರಿಂದ ಮೊದಲು ನಡಿಗೆ, ಆಮೇಲೆ ಮಾತಾಡುತ್ತ ಓಡಬಹುದಾದ ಓಟ, ಗುಡ್ಡ ಮತ್ತು ಗಡಿಯಾರ ಕೊನೆಗೆ. ವೈದ್ಯರು ಹೇಳಿದ್ದರೆ ಓಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಪಂಪು. ಥಂಡಿಯಲ್ಲಿ ಮೂಗು ಬಾಯಿಗೆ ತೆಳುವಾದ ಟವೆಲ್ಲು ಸುತ್ತಿಕೊಂಡರೆ ಹೊರಗೆ ಬಿಟ್ಟ ಉಸಿರಿನ ಬಿಸಿ ಒಳಗೆ ಬರುವ ಗಾಳಿಗೆ ಸಿಗುತ್ತದೆ. ಗುರುತಿನವರು ಕಳ್ಳನೆಂದುಕೊಂಡು ಬೆನ್ನಟ್ಟಿದರೆ ತಾಲೀಮಿಗೆ ಅನುಕೂಲ.

ದಮ್ಮಿದ್ದವರಿಗೆ ಓಟ ಆಗದೆಂಬ ಮಾತನ್ನು ಪದಕಗಳ ಲೆಕ್ಕವೇ ಸುಳ್ಳು ಮಾಡಿದೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಬಂದ ಅಮೆರಿಕದ 597 ಕ್ರೀಡಾಪಟುಗಳಲ್ಲಿ 67 ಮಂದಿಗೆ ವ್ಯಾಯಾಮದಿಂದ ಕೆರಳುವ ದಮ್ಮಿತ್ತು. ಅವರು ಗೆದ್ದದ್ದು 41 ಪದಕ. ಹದಿನಾಲ್ಕರ ವಯಸ್ಸಿನಿಂದ ದಮ್ಮಿನ ಜೊತೆಗೇ ಇದ್ದ ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದಳು. ಆ ದಾಖಲೆ ಹದಿನಾರು ವರ್ಷ ಅಲುಗಲಿಲ್ಲ. ಕಹಿ ಕತೆಯೂ ಒಂದಿದೆ. 1972ರ ಮ್ಯೂನಿಕ್‌ನಲ್ಲಿ ಹದಿನಾರರ ಈಜುಗಾರ ರಿಕ್ ಡಿಮಾಂಟ್ ಗೆದ್ದ ಚಿನ್ನವನ್ನು, ಅವನ ದಮ್ಮಿನ ಗುಳಿಗೆಯಲ್ಲಿ ಎಫೆಡ್ರಿನ್ ಇತ್ತೆಂದು ಕಸಿದುಕೊಂಡರು. ಈಗ ಉದ್ದೀಪನ ಮದ್ದಿನ ನಿಯಮದಲ್ಲಿ ಎಷ್ಟು ಸಲ್ಲುತ್ತದೆಂದು ಅಂಕೆಯಲ್ಲೇ ಬರೆದಿದ್ದಾರೆ: ಸಾಲ್ಬುಟಮಾಲ್ ಪಂಪಿನಲ್ಲಿ 24 ಗಂಟೆಗೆ 1,600 ಮೈಕ್ರೋಗ್ರಾಂ, ಯಾವುದೇ ಎಂಟು ಗಂಟೆಯಲ್ಲಿ 600. ಒಂದು ಒತ್ತಿಗೆ 100ರಂತೆ ಎಂಟು ಗಂಟೆಗೆ ಆರು ಒತ್ತು. ಅದಕ್ಕಿಂತ ಹೆಚ್ಚು ಬೇಕಾದವನು ಓಟದ ಗೆರೆಯ ಮೇಲೆ ನಿಲ್ಲುವ ಸ್ಥಿತಿಯಲ್ಲೇ ಇರುವುದಿಲ್ಲ. ಗುಳಿಗೆಯ ಸ್ಟೆರಾಯ್ಡ್ ಮಾತ್ರ ಸ್ಪರ್ಧೆಯ ಹೊತ್ತಿಗೆ ನಿಷಿದ್ಧ.

ಜಾತ್ರೆಯ ಓಟ, ಗಣೇಶ ಮಂಡಳಿಯ ಓಟಗಳಲ್ಲಿ ಇಂಥ ತಪಾಸಣೆ ಇಲ್ಲ. ಅಲ್ಲಿ ಪಂಪು ಕಿಸೆಯಲ್ಲೇ ಇರಲಿ. ಓಟದ ಚಡ್ಡಿಗೆ ಕಿಸೆ ಇಲ್ಲದಿದ್ದರೆ ಗೆರೆಯ ಹತ್ತಿರ ನಿಲ್ಲುವ ಗೆಳೆಯನ ಕೈಗೆ ಕೊಟ್ಟಿರಬೇಕು. ಆ ಗೆಳೆಯ ನಡುವೆ ಚಹಾ ಕುಡಿಯಲು ಎದ್ದುಹೋಗದಂಥವನಾಗಿರಬೇಕು.